ಬ್ಲ್ಯಾಕ್ ಐಡ್ ಪೀಸ್ ನಿಜವಾಗಿ ಬದಲಾಗಿದ್ದು ಎಲ್ಲಿ?

ಪ್ರಶ್ನೆ: ಸರ್, ನಾವು ಮೂರು ಜನ ಗೆಳೆಯರು ಸೇರಿ ರ‍್ಯಾಪ್ ಮಾಡ್ತೀವಿ. ಒಬ್ಬ ಬೀಟ್ ಮಾಡ್ತಾನೆ, ಇಬ್ಬರು ಬರೀತೀವಿ. ಇಷ್ಟು ದಿನ ಮಾಡಿದ್ದೆಲ್ಲಾ ಹಳೇ ಶೈಲಿ. ಜಾಸ್ತಿ ಮಾತು, ನಿಧಾನದ ಬೀಟ್, ಹಳೇ ಜಾಝ್ ರೆಕಾರ್ಡುಗಳಿಂದ ಎತ್ತಿಕೊಂಡ ತುಣುಕುಗಳು. ಹೋದ ವರ್ಷ ಸುಮ್ನೆ ತಮಾಷೆಗೆ ಒಂದು ಡ್ಯಾನ್ಸ್ ಹಾಡು ಮಾಡಿ ಹಾಕಿದ್ವಿ. ನಮ್ಮ ಬೇರೆ ಹಾಡುಗಳನ್ನೆಲ್ಲಾ ಸೇರಿಸಿದರೂ ಬರದಷ್ಟು ಕೇಳುಗರು ಅದೊಂದಕ್ಕೇ ಬಂದರು. ಈಗ ಒಂದು ಕಂಪನಿಯವರು ಇಂಥದ್ದೇ ಇನ್ನಷ್ಟು ಮಾಡಿ, ಜೊತೆಗೆ ಒಬ್ಬ ಗಾಯಕಿಯನ್ನೂ ಸೇರಿಸಿಕೊಳ್ಳಿ ಅಂತಿದ್ದಾರೆ. ನಮ್ಮಲ್ಲಿ ಒಬ್ಬ ಇದಕ್ಕೆ ಸುತರಾಂ ಒಪ್ಪಲ್ಲ. ಅಮೆರಿಕದ ಬ್ಲ್ಯಾಕ್ ಐಡ್ ಪೀಸ್ ಗುಂಪು ನೋಡು, ಮೊದಲ ಎರಡು ಆಲ್ಬಂ ಮಾತ್ರ ನಿಜವಾದ ಹಿಪ್-ಹಾಪ್, ಗಾಯಕಿ ಫರ್ಗಿ ಬಂದ ಮೇಲೆ ಎಲ್ಲಾ ಹಾಳಾಯ್ತು, ಲೇಬಲ್‌ನವರು ಬಲವಂತವಾಗಿ ಪಾಪ್ ಮಾಡಿಸಿದರು ಅಂತಾನೆ. ಇದು ನಿಜಾನಾ? ಒಂದು ಸಲ ಆ ಕಡೆ ಹೋದರೆ ವಾಪಸ್ ಬರೋಕೆ ಆಗುತ್ತಾ?

ಉತ್ತರ: ನಿಮ್ಮ ಗೆಳೆಯ ಹೇಳುವುದರಲ್ಲಿ ಅರ್ಧ ನಿಜ ಇದೆ. 1998ರ ಬ್ಲ್ಯಾಕ್ ಐಡ್ ಪೀಸ್‌ಗೂ 2009ರ ಬ್ಲ್ಯಾಕ್ ಐಡ್ ಪೀಸ್‌ಗೂ ಅಜಗಜಾಂತರ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಅವರು ದೂರುತ್ತಿರುವ ಇಬ್ಬರೂ, ಅಂದರೆ ಫರ್ಗಿ ಮತ್ತು ಲೇಬಲ್ (ರೆಕಾರ್ಡ್ ಕಂಪನಿ), ಅಷ್ಟು ಸಲೀಸಾಗಿ ಅಪರಾಧಿಗಳಾಗುವುದಿಲ್ಲ. ನನ್ನ ಕೆಲಸ ಸ್ಟುಡಿಯೋದಲ್ಲಿ ಮಿಕ್ಸಿಂಗ್. ಹಾಗಾಗಿ ಇಂಥ ಜಗಳ ಬಂದಾಗ ಯಾರು ಒಳ್ಳೆಯವರು, ಯಾರು ಮಾರಿಕೊಂಡವರು ಅಂತ ನೋಡುವುದಕ್ಕಿಂತ ಹಾಡನ್ನು ಬಿಡಿಸಿಟ್ಟು ಒಳಗೆ ಏನು ಕಡಿಮೆಯಾಯಿತು, ಏನು ಜಾಸ್ತಿಯಾಯಿತು ಅಂತ ನೋಡುವುದು ನನಗೆ ಅಭ್ಯಾಸ. ನಿಮಗೂ ಈಗ ಬೇಕಾಗಿರುವುದು ಅದೇ ಅಂತ ನನ್ನ ಅನಿಸಿಕೆ.

ಮೊದಲು ಫರ್ಗಿ ವಿಷಯ ಮುಗಿಸೋಣ, ಯಾಕಂದ್ರೆ ಎಲ್ಲರೂ ಬೈಯುವುದು ಆಕೆಯನ್ನೇ. ಆಕೆ ಬರುವುದಕ್ಕೆ ಎಷ್ಟೋ ಮೊದಲೇ ಆ ಗುಂಪಿನ ಜೊತೆ ಒಬ್ಬ ಗಾಯಕಿ ಇದ್ದರು. ಹೆಸರು ಕಿಮ್ ಹಿಲ್. 1998ರ 'ಬಿಹೈಂಡ್ ದಿ ಫ್ರಂಟ್', 2000ದ 'ಬ್ರಿಜಿಂಗ್ ದಿ ಗ್ಯಾಪ್' ಎರಡರಲ್ಲೂ ಅವರ ದನಿ ಇದೆ. 2000ದಲ್ಲಿ ಅವರು ಹೊರಗೆ ಹೋದರು. ತನ್ನನ್ನು ಇನ್ನಷ್ಟು ಮಾದಕವಾಗಿ ತೋರಿಸಬೇಕು ಎಂಬ ಒತ್ತಡ ತನಗೆ ಒಗ್ಗಲಿಲ್ಲ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಅಂದರೆ ಯಾವ ಕಾಲವನ್ನು ನಿಮ್ಮ ಗೆಳೆಯ ಶುದ್ಧ ಅಂತಾರೋ ಆ ಕಾಲದಲ್ಲೇ ಈ ಒತ್ತಡ ಶುರುವಾಗಿತ್ತು. ಇನ್ನೊಂದು ವಿಷಯ. ಇವರನ್ನು ಜಗತ್ತಿಗೆ ಗೊತ್ತುಮಾಡಿದ ಹಾಡು 2003ರ 'ವೇರ್ ಈಸ್ ದಿ ಲವ್'. ಅದರ ಪಲ್ಲವಿ ಹಾಡಿದ್ದು ಫರ್ಗಿ ಅಲ್ಲ, ಜಸ್ಟಿನ್ ಟಿಂಬರ್‌ಲೇಕ್. ಅದೂ ಸಿಂಗಲ್ ಮೇಲೆ ಹೆಸರು ಹಾಕಿಸಿಕೊಳ್ಳದೆ.

ಆ ಹಾಡನ್ನು ಇವತ್ತು ಕೇಳಿದರೂ ಅದು ಹಳೇ ಬ್ಲ್ಯಾಕ್ ಐಡ್ ಪೀಸ್‌ಗೇ ಹತ್ತಿರ. ಯುದ್ಧ, ಜನಾಂಗ ದ್ವೇಷ, ಟಿವಿ ಸುದ್ದಿ, ಎಲ್ಲದರ ಬಗ್ಗೆ ಮಾತಾಡುತ್ತದೆ. ಗುಪ್ತಚರ ಸಂಸ್ಥೆ ಸಿಐಎಯನ್ನೂ ಬಿಳಿಯ ಜನಾಂಗವಾದಿಗಳ ಗುಂಪು ಕೆಕೆಕೆಯನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. ಬರೆದವರಲ್ಲಿ ಗಿಟಾರಿನ ಜಾರ್ಜ್ ಪಹೋನ್, ಟ್ರಂಪೆಟ್ ಮತ್ತು ಕೀಬೋರ್ಡಿನ ಪ್ರಿಂಟ್ಸ್ ಬೋರ್ಡ್ ಇದ್ದಾರೆ. ಮೊದಲಿನಿಂದ ಜೊತೆಗಿದ್ದ ಬ್ಯಾಂಡಿನವರೇ. ಅಮೆರಿಕದಲ್ಲಿ ಅದು 8ನೇ ಸ್ಥಾನಕ್ಕೆ ಹೋಯಿತು, ಬ್ರಿಟನ್‌ನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿ ಕೂತು ಆ ವರ್ಷ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಆಯಿತು. ಇಷ್ಟು ಜನಪ್ರಿಯ ಆದದ್ದನ್ನೇ ಹಾಳಾದದ್ದು ಅನ್ನುವುದಾದರೆ ಆ ಜಗಳ ನನಗೆ ಅರ್ಥ ಆಗುವುದಿಲ್ಲ.

ಇನ್ನು ಲೇಬಲ್ ಬಲವಂತ ಮಾಡಿತು ಅನ್ನುವ ಮಾತು. ಇದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಆದರೆ ಅದು ಜನ ಕಲ್ಪಿಸಿಕೊಂಡ ಹಾಗೆ ನಡೆಯುವುದಿಲ್ಲ. ಮೊದಲ ಆಲ್ಬಂ ತಂದದ್ದೂ ಇಂಟರ್‌ಸ್ಕೋಪ್, 2009ರ 'ದಿ ಇ.ಎನ್.ಡಿ.' ತಂದದ್ದೂ ಇಂಟರ್‌ಸ್ಕೋಪ್. ಎರಡೂ ಕಾಲದಲ್ಲಿ ಸಂಗೀತದ ಚುಕ್ಕಾಣಿ ಗುಂಪಿನ ಮುಂದಾಳು ವಿಲ್.ಐ.ಆಮ್ ಕೈಯಲ್ಲೇ ಇತ್ತು. 2008ರಲ್ಲಿ ಒಂದು ಸಿನಿಮಾ ಚಿತ್ರೀಕರಣಕ್ಕೆ ಆಸ್ಟ್ರೇಲಿಯಾಕ್ಕೆ ಹೋಗಿದ್ದಾಗ ಅಲ್ಲಿನ ಕ್ಲಬ್‌ಗಳ ಎಲೆಕ್ಟ್ರೋ ಸಂಗೀತ ಅವರ ತಲೆಗೆ ಹತ್ತಿತು, ಅಲ್ಲಿಂದ ಫ್ರಾನ್ಸಿನ ಡ್ಯಾನ್ಸ್ ಸಂಗೀತದ ಡಿಜೆ ಡೇವಿಡ್ ಗೆಟ್ಟಾ ಕಡೆಗೆ ಹೋದರು. ಇದು ಯಾರೋ ಬೆನ್ನ ಹಿಂದೆ ನಿಂತು ದೂಡಿದ ಹಾಗೆ ಕಾಣುವುದಿಲ್ಲ.

ಲೇಬಲ್ ಒತ್ತಡ ಅಂದರೆ ನಾನು ನೋಡಿರುವುದು ಬೇರೆ ಥರ. ಪಾಪ್ ಮಾಡಿ ಅಂತ ಯಾರೂ ಬಂದು ಕುತ್ತಿಗೆ ಹಿಡಿಯುವುದಿಲ್ಲ. ನೀವು ಹತ್ತು ಹಾಡು ಕೊಡುತ್ತೀರಿ, ಒಂದಕ್ಕೆ ವಿಡಿಯೋ ದುಡ್ಡು ಬರುತ್ತದೆ. ಉಳಿದ ಒಂಬತ್ತರ ಬಗ್ಗೆ ಎಲ್ಲರೂ ತುಂಬಾ ಚೆನ್ನಾಗಿದೆ ಅಂತಾರೆ, ಅಷ್ಟೇ. ಮುಂದಿನ ಸಲ ಸ್ಟುಡಿಯೋಗೆ ಕೂತಾಗ ನಿಮ್ಮ ಕೈ ತಾನಾಗಿಯೇ ಆ ಒಂದು ಹಾಡಿನ ಕಡೆ ಹೋಗುತ್ತದೆ. ನಿಮಗೆ ಈಗಾಗಲೇ ಇದು ಶುರುವಾಗಿದೆ, ಅಲ್ವಾ? ಕಂಪನಿಯವರು ಬರುವುದಕ್ಕೆ ಮೊದಲೇ ನೀವು ಎಣಿಸಿ ನೋಡಿದ್ದೀರಿ.

ಮೊದಲ ಎರಡು ಆಲ್ಬಂ ಮಾತ್ರ ಅಪ್ಪಟ ಅನ್ನುವ ಮಾತಿಗೂ ಸ್ವಲ್ಪ ಹಿನ್ನೆಲೆ ಬೇಕು. ವಿಲ್.ಐ.ಆಮ್ ಮತ್ತು ಆಪಲ್.ಡಿ.ಆಪ್ ಲಾಸ್ ಏಂಜಲೀಸ್‌ನಲ್ಲಿ ಎಂಟನೇ ಕ್ಲಾಸಿನಲ್ಲಿ ಗೆಳೆಯರಾದವರು. ಆಪಲ್ ಫಿಲಿಪ್ಪೀನ್ಸ್‌ನಿಂದ ಬಂದ ಹುಡುಗ. ಇಬ್ಬರೂ ಮೊದಲು ಕುಣಿಯುವವರು, ಬ್ರೇಕ್‌ಡ್ಯಾನ್ಸ್ ತಂಡ ಕಟ್ಟಿದ್ದವರು. ಆಮೇಲೆ 'ಆಟ್‌ಬ್ಯಾನ್ ಕ್ಲ್ಯಾನ್' ಅಂತ ಗುಂಪು ಮಾಡಿಕೊಂಡು 1992ರಲ್ಲಿ ಈಝಿ-ಈ ಅವರ ರೂತ್‌ಲೆಸ್ ರೆಕಾರ್ಡ್ಸ್‌ಗೆ ಸಹಿ ಹಾಕಿದರು. ಗ್ಯಾಂಗ್‌ಸ್ಟಾ ರ‍್ಯಾಪಿನ ತವರುಮನೆ ಅದು, ಇವರೋ ಶಾಂತಿ, ಕುಣಿತ, ಬಣ್ಣದ ಬಟ್ಟೆ. ಅವರ 'ಗ್ರಾಸ್ ರೂಟ್ಸ್' ಆಲ್ಬಂ ಕಪಾಟಿನಲ್ಲೇ ಉಳಿಯಿತು, ಹೊರಗೆ ಬರಲೇ ಇಲ್ಲ. 1995ರಲ್ಲಿ ಈಝಿ-ಈ ತೀರಿಕೊಂಡರು. ಆಮೇಲೆ ಮೂರನೆಯವರಾಗಿ ಟಬೂ ಸೇರಿ ಈಗಿನ ಹೆಸರು ಬಂತು. ಅಂದರೆ 1998ರ ಆಲ್ಬಂ ಅವರ ಮುಗ್ಧ ಆರಂಭ ಏನಲ್ಲ. ಒಂದು ಸಲ ಪೂರ್ತಿ ಆಲ್ಬಂ ಮಾಡಿ, ಅದು ಮೂಲೆಗೆ ಬಿದ್ದದ್ದನ್ನು ನೋಡಿದವರ ಎರಡನೇ ಪ್ರಯತ್ನ ಅದು. ಅಂಥವರಿಗೆ ಜನ ಕೇಳಬೇಕು ಅನ್ನುವ ಹಸಿವು ಇದ್ದೇ ಇರುತ್ತದೆ. ಕುಣಿಸುವ ಆಸೆ ಅವರಲ್ಲಿ 2003ರಲ್ಲಿ ಹುಟ್ಟಿದ್ದಲ್ಲ.

ಹಾಗಾದರೆ ಏನು ಬದಲಾಯಿತು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಬೀಟ್ ಮಾಡುವ ಗೆಳೆಯನಿಗೂ ಓದಿಸಿ.

ಹಳೇ ಶೈಲಿಯ ಬೀಟು, ಬೂಮ್-ಬ್ಯಾಪ್ ಅಂತೀವಲ್ಲ, ಸಾಮಾನ್ಯವಾಗಿ ನಿಮಿಷಕ್ಕೆ 90ರಿಂದ 100 ಬೀಟ್ ವೇಗದಲ್ಲಿರುತ್ತದೆ. ಕಿಕ್ (ದೊಡ್ಡ ಡ್ರಮ್ಮಿನ ಗುದ್ದು) ಎಲ್ಲೆಲ್ಲೋ ಬೀಳುತ್ತದೆ, ಸ್ನೇರ್ (ಚುರುಕು ಸದ್ದಿನ ಡ್ರಮ್) ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಬೀಳುತ್ತದೆ, ಹೈ-ಹ್ಯಾಟ್ (ತಾಳದಂಥ ಜೋಡಿ ತಟ್ಟೆ) ಲೆಕ್ಕಕ್ಕಿಂತ ಒಂದು ಕೂದಲೆಳೆ ಹಿಂದೆ ಕೂರುತ್ತದೆ. ಆ ಹಿಂದೆ ಕೂರುವುದರಿಂದಲೇ ತಲೆ ತಾನಾಗಿ ಆಡುತ್ತದೆ. ಇವರ 2009ರ ಹಾಡುಗಳಲ್ಲಿ 'ಐ ಗಾಟ ಫೀಲಿಂಗ್' ಇರುವುದು 128ರಲ್ಲಿ, 'ಬೂಮ್ ಬೂಮ್ ಪೌ' 130ರಲ್ಲಿ. 'ಐ ಗಾಟ ಫೀಲಿಂಗ್'ನಲ್ಲಿ ಬೀಟು ಏರಿದ ಮೇಲೆ ಪ್ರತಿ ಎಣಿಕೆಗೂ ಕಿಕ್, ಒಂದು ಎರಡು ಮೂರು ನಾಲ್ಕು ಅಂತ ನೇರವಾಗಿ. ಕ್ಲಬ್‌ನಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ಡಿಜೆ ದಾಟಬೇಕಾದರೆ ಈ ವೇಗ, ಈ ನೇರ ಕಿಕ್ ತುಂಬಾ ಅನುಕೂಲ.

ಈಗ ರ‍್ಯಾಪ್ ಮಾಡುವವರ ಪಾಡು ನೋಡಿ. 92ರ ವೇಗದಲ್ಲಿ ನಾಲ್ಕು ಎಣಿಕೆಯ ಒಂದು ಸುತ್ತು ಮುಗಿಯಲು 2.6 ಸೆಕೆಂಡು ಬೇಕು. 128ರಲ್ಲಿ ಅದೇ ಸುತ್ತಿಗೆ 1.9 ಸೆಕೆಂಡು ಕೂಡ ಇಲ್ಲ. ಬಾಯಿಯ ವೇಗ ಅಷ್ಟೇ ಇದ್ದರೆ, ಹಳೇ ಬೀಟಿನ ಒಂದು ಸುತ್ತಿನಲ್ಲಿ 14 ಅಕ್ಷರ ಹೇಳುತ್ತಿದ್ದವರು ಹೊಸದರಲ್ಲಿ 10 ಹೇಳಬಹುದು. ಉಪವಾಕ್ಯ, ತಿರುವು, ಕಥೆ, ಒಳಪ್ರಾಸ, ಇವೆಲ್ಲಾ ಹೋಗುವುದು ಆ ನಾಲ್ಕು ಅಕ್ಷರಗಳ ಜೊತೆಗೆ. ಉಳಿಯುವುದು ಕೂಗು. ರ‍್ಯಾಪರ್ ಸೋಮಾರಿಯಾದ ಅಂತ ಜನ ಬೈಯುತ್ತಾರೆ, ಎಷ್ಟೋ ಸಲ ಬೀಟಿನಲ್ಲಿ ಜಾಗವೇ ಇರುವುದಿಲ್ಲ. ಎರಡು ಪಟ್ಟು ವೇಗದಲ್ಲಿ ಹೇಳಿ ತುಂಬಿಸುವವರೂ ಇದ್ದಾರೆ, ಆದರೆ ಅಷ್ಟು ಮಾತು ಕುಣಿಯುವವರ ಕಿವಿಗೆ ಇಳಿಯುವುದಿಲ್ಲ.

ಎರಡನೆಯದು ಬೇಸ್. ಮೊದಲ ಆಲ್ಬಂಗಳಲ್ಲಿ ಬೇಸ್ ಗಿಟಾರ್ ಅಡ್ಡಾಡುತ್ತದೆ, ಹಾಡಿನ ಒಳಗೆ ಅದಕ್ಕೆ ಅದರದೇ ಒಂದು ರಾಗ ಇರುತ್ತದೆ. ವೇದಿಕೆ ಮೇಲೆ ಬ್ಯಾಂಡ್ ಇಟ್ಟುಕೊಂಡು ನುಡಿಸುತ್ತಿದ್ದ ಗುಂಪು ಅದು, ಆ ಉಸಿರು ರೆಕಾರ್ಡಿಂಗ್‌ನಲ್ಲೂ ಕೇಳುತ್ತದೆ. ಕ್ಲಬ್ ಹಾಡಿನಲ್ಲಿ ಕೆಳಗಿನ ಜಾಗವೆಲ್ಲಾ ಕಿಕ್‌ನದು. ಕಿಕ್ ಬಿದ್ದಾಗಲೆಲ್ಲಾ ಉಳಿದ ವಾದ್ಯಗಳು ಒಂದು ಕ್ಷಣ ತಗ್ಗಿ ಮತ್ತೆ ಏಳುವ ಹಾಗೆ ಕಂಪ್ರೆಸರ್ (ಸದ್ದು ತಗ್ಗಿಸುವ ಸಾಧನ) ಕಟ್ಟಿರುತ್ತೇವೆ, ಸೈಡ್‌ಚೈನ್ ಅನ್ನುತ್ತೇವೆ. ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್ ವಾದ್ಯ) ಉಬ್ಬಿ ಉಬ್ಬಿ ಬರುವ ಆ ಅನುಭವ ಇದರಿಂದಲೇ. ಕೇಳಲು ಮಜಾ ಇದೆ, ಮಾಡಲೂ ಮಜಾ ಇದೆ. ಆದರೆ ಅಲ್ಲಿ ಬೇಸ್ ನುಡಿಸುವ ಮನುಷ್ಯನಿಗೆ ಕೆಲಸ ಇಲ್ಲ.

ಮೂರನೆಯದು ಸ್ಯಾಂಪಲ್. ಬೂಮ್-ಬ್ಯಾಪ್‌ನಲ್ಲಿ ಯಾರಿಗೂ ಗುರುತು ಸಿಗದ ಹಾಗೆ ಹಳೇ ರೆಕಾರ್ಡಿನ ಚೂರುಗಳನ್ನು ಕತ್ತರಿಸಿ ಜೋಡಿಸುವುದೇ ಕಲೆ. 2005ರ 'ಮಂಕಿ ಬಿಸಿನೆಸ್' ಆಲ್ಬಂ ಹೊತ್ತಿಗೆ ಇವರು ಉಲ್ಟಾ ದಾರಿ ಹಿಡಿದರು. ಕೇಳಿದ ತಕ್ಷಣ ಗುರುತು ಸಿಗುವ ಒಂದೇ ದೊಡ್ಡ ತುಣುಕು ತಂದು ಹಾಡಿನ ಹಣೆಯ ಮೇಲೆ ಇಡುವುದು. 'ಪಂಪ್ ಇಟ್' ಹಾಡಿನಲ್ಲಿ ಡಿಕ್ ಡೇಲ್ ನುಡಿಸಿದ 'ಮಿಸಿರ್ಲೂ' ಗಿಟಾರ್ ಇದೆ. 'ಡೋಂಟ್ ಫಂಕ್ ವಿತ್ ಮೈ ಹಾರ್ಟ್'ನಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಕಲ್ಯಾಣ್‌ಜಿ-ಆನಂದ್‌ಜಿ ಇದ್ದಾರೆ. 1972ರ 'ಅಪರಾಧ್', 1978ರ 'ಡಾನ್', ಈ ಎರಡು ಹಿಂದಿ ಸಿನಿಮಾಗಳಲ್ಲಿ ಆಶಾ ಭೋಸ್ಲೆ ಹಾಡಿದ ಹಾಡುಗಳಿಂದ ತೆಗೆದದ್ದು. ಆ ಹಾಡಿಗೆ ರ‍್ಯಾಪ್ ವಿಭಾಗದಲ್ಲೇ ಗ್ರ್ಯಾಮಿ ಬಂತು, ಪಾಪ್ ವಿಭಾಗದಲ್ಲಿ ಅಲ್ಲ! ಸರಿಯೋ ತಪ್ಪೋ ನೀವೇ ಹೇಳಿ, ನನಗಂತೂ ಅದು ಒಳ್ಳೆ ಪಾಪ್ ಹಾಡು ಅಂತಲೇ ಅನಿಸುತ್ತದೆ.

ನಡುವಿನ ಆ ಎರಡು ಆಲ್ಬಂಗಳನ್ನು ಜನ ಸುಮ್ನೆ ಒಟ್ಟಿಗೆ ಸೇರಿಸಿ ಬೈಯುತ್ತಾರೆ. 2003ರ 'ಎಲಿಫಂಕ್'ನಲ್ಲಿ 'ದಿ ಆಪಲ್ ಸಾಂಗ್' ಇದೆ. ಫಿಲಿಪ್ಪೀನ್ಸ್‌ನ ಆಸಿನ್ ಎಂಬ ತಂಡದ ಹಳೇ ಹಾಡಿನ ಮೇಲೆ ಕಟ್ಟಿ, ಆಪಲ್ ತನ್ನ ಊರಿನ ಬಡತನದ ಬಗ್ಗೆ ಹೇಳಿಕೊಂಡಿದ್ದಾರೆ. 'ಮಂಕಿ ಬಿಸಿನೆಸ್'ನಲ್ಲಿ ಅವರದೇ ಟಗಾಲೊಗ್ ಭಾಷೆಯ 'ಬೆಬೋಟ್' ಇದೆ, ಕ್ಯೂ-ಟಿಪ್ ಮತ್ತು ತಾಲಿಬ್ ಕ್ವೇಲಿ ಬಂದು ಹೋಗುವ ಹಾಡಿದೆ, ಜೇಮ್ಸ್ ಬ್ರೌನ್ ಇದ್ದಾರೆ. ಅದೇ ಆಲ್ಬಂನಲ್ಲಿ 'ಮೈ ಹಂಪ್ಸ್' ಕೂಡ ಇದೆ, ಅದರ ಬಗ್ಗೆ ಏನೂ ಹೇಳದಿರುವುದೇ ವಾಸಿ. ಅಂದರೆ ಆಗಿನ್ನೂ ಎರಡೂ ಒಂದೇ ಮನೆಯಲ್ಲಿ ಬಾಳುತ್ತಿದ್ದವು. ನಿಜವಾಗಿ ಬಾಗಿಲು ಮುಚ್ಚಿದ್ದು 2009ರಲ್ಲಿ. ಅಲ್ಲಿಂದ ಬ್ಯಾಂಡ್ ಹಿಂದೆ ಸರಿಯಿತು, ದನಿಯ ಶ್ರುತಿ ತಿದ್ದುವ ಆಟೋ-ಟ್ಯೂನ್ ಮುಂದೆ ಬಂತು, ಪದಗಳು ಕಡಿಮೆಯಾದವು. ನನ್ನನ್ನು ಕೇಳಿದರೆ ಗೆರೆ ಎಳೆಯಬೇಕಾದ್ದು ಅಲ್ಲಿ, ಫರ್ಗಿ ಬಂದ ಕಡೆ ಅಲ್ಲ.

ಯಾಕೆ ಹಾಗಾಯಿತು ಅನ್ನುವುದಕ್ಕೆ ಆಸೆ ಒಂದೇ ಕಾರಣ ಅಂದರೆ ಅನ್ಯಾಯವಾಗುತ್ತದೆ. ಆಗಿನ ಅಮೆರಿಕದ ವ್ಯಾಪಾರ ನೋಡಬೇಕು. 1991ರಲ್ಲಿ ಬಿಜ್ ಮಾರ್ಕಿ ಎಂಬ ರ‍್ಯಾಪರ್ ಅನುಮತಿ ಇಲ್ಲದೆ ಗಿಲ್ಬರ್ಟ್ ಓ'ಸಲಿವನ್ ಹಾಡನ್ನು ಬಳಸಿದ್ದಕ್ಕೆ ನ್ಯೂಯಾರ್ಕ್ ಕೋರ್ಟಿನಲ್ಲಿ ಕೇಸ್ ಸೋತರು. ಕದಿಯಬಾರದು ಅನ್ನುವ ಬೈಬಲ್ ಮಾತಿನಿಂದಲೇ ಆ ತೀರ್ಪು ಶುರುವಾಗುತ್ತದೆ. ಅಲ್ಲಿಂದ ಪ್ರತಿ ತುಣುಕಿಗೂ ಒಪ್ಪಿಗೆ, ಪ್ರತಿ ಒಪ್ಪಿಗೆಗೂ ದುಡ್ಡು. ಒಂದು ಹಾಡಿನಲ್ಲಿ ಆರು ಚೂರು ಇದ್ದರೆ ಆರು ಕಡೆ ಕೈ ಮುಗಿಯಬೇಕು. ಒಂದೇ ದೊಡ್ಡ ಸ್ಯಾಂಪಲ್ ಅಥವಾ ಸ್ವಂತ ಸಿಂಥ್, ಎರಡೂ ಲೆಕ್ಕಕ್ಕೆ ಸುಲಭ. ಆಮೇಲೆ 1996ರ ದೂರಸಂಪರ್ಕ ಕಾಯ್ದೆ ಬಂತು. ಅಲ್ಲಿಯವರೆಗೆ ಒಂದು ಕಂಪನಿ ದೇಶಾದ್ಯಂತ ಇಷ್ಟೇ ರೇಡಿಯೋ ಕೇಂದ್ರ ಇಟ್ಟುಕೊಳ್ಳಬಹುದು ಅಂತ ಮಿತಿ ಇತ್ತು, ಆ ಮಿತಿ ಹೋಯಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಒಂದರ ಕೈಯಲ್ಲೇ 1,200ಕ್ಕೂ ಹೆಚ್ಚು ಕೇಂದ್ರಗಳು. ಒಂದು ಊರಿನ ಡಿಜೆಗೆ ಇಷ್ಟವಾಗಿ ಹಾಡು ಹಬ್ಬುವ ದಾರಿ ಕಿರಿದಾಯಿತು. 1999ರಲ್ಲಿ ನ್ಯಾಪ್‌ಸ್ಟರ್ ಬಂದ ಮೇಲೆ ಸಿಡಿ ಮಾರಾಟ ಕುಸಿಯತೊಡಗಿತು, 2003ರಲ್ಲಿ ಐಟ್ಯೂನ್ಸ್ ಅಂಗಡಿ ತೆರೆದು ಜನ ಆಲ್ಬಂ ಬಿಟ್ಟು ಒಂದೊಂದೇ ಹಾಡು ಕೊಳ್ಳತೊಡಗಿದರು. ಆಲ್ಬಂನ ಏಳನೇ ಹಾಡಿಗೆ ಆಗ ಬೆಲೆ ಹೋಯಿತು. ಹಳೇ ಶೈಲಿಯವರ ಒಳ್ಳೆ ಹಾಡುಗಳೆಲ್ಲಾ ಸಾಮಾನ್ಯವಾಗಿ ಆ ಏಳನೇ ಜಾಗದಲ್ಲೇ ಇರುತ್ತವೆ.

ಇದೇ ಹೊತ್ತಿನಲ್ಲಿ ಜಾಹೀರಾತು ಮತ್ತು ಆಟಗಳಿಂದ ದುಡ್ಡು ಬರಲು ಶುರುವಾಯಿತು. ಐಪಾಡ್‌ನ ಮೊದಮೊದಲ ನೆರಳು-ಚಿತ್ರದ ಜಾಹೀರಾತಿನಲ್ಲಿ ಇವರ 'ಹೇ ಮಾಮಾ' ಇತ್ತು. 2004ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್‌ಗೆ 'ಲೆಟ್ಸ್ ಗೆಟ್ ಇಟ್ ಸ್ಟಾರ್ಟೆಡ್' ಹೋಯಿತು, ಅದಕ್ಕಾಗಿ ಮೂಲ ಹಾಡಿನಲ್ಲಿದ್ದ ಒಂದು ಕೆಟ್ಟ ಪದವನ್ನು ಬದಲಿಸಿದರು. ಸ್ಟೇಡಿಯಂನಲ್ಲಿ ಕೂತವರಿಗೆ ವರ್ಸ್ (ಮಾತು ತುಂಬಿದ ಚರಣ) ಕೇಳಿಸುವುದಿಲ್ಲ, ಹುಕ್ (ಮತ್ತೆ ಮತ್ತೆ ಬರುವ ಸಾಲು) ಮಾತ್ರ ಕೇಳಿಸುತ್ತದೆ. ಅಂಥ ಕಡೆ ಗೆದ್ದ ಮೇಲೆ ಹಾಡು ಅದಕ್ಕೆ ತಕ್ಕಂತೆ ಬೆಳೆಯುತ್ತದೆ. ಫಲ ಏನು ಅಂತ ಅಂಕಿಯಲ್ಲೇ ನೋಡಿ. 2000ದ ಆಲ್ಬಂನಲ್ಲಿ ಮೇಸಿ ಗ್ರೇ ಜೊತೆ ಮಾಡಿದ 'ರಿಕ್ವೆಸ್ಟ್ ಲೈನ್' ಅಮೆರಿಕದ ಹಾಟ್ 100 ಪಟ್ಟಿಯಲ್ಲಿ 63ರವರೆಗೆ ಹೋಗಿತ್ತು. 2009ರಲ್ಲಿ 'ಬೂಮ್ ಬೂಮ್ ಪೌ' 12 ವಾರ ಮೊದಲ ಸ್ಥಾನ, ಅದರ ಬೆನ್ನಿಗೇ 'ಐ ಗಾಟ ಫೀಲಿಂಗ್' 14 ವಾರ. ಒಟ್ಟು 26 ವಾರ, ಅರ್ಧ ವರ್ಷ, ಆ ಸ್ಥಾನ ಬೇರೆ ಯಾರಿಗೂ ಸಿಗಲಿಲ್ಲ. 2011ರ ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್ ಮಧ್ಯಂತರದ ವೇದಿಕೆ. ಇಂಥದ್ದು ಸಿಕ್ಕಾಗ ಬೇಡ ಅನ್ನುವವರು ಎಷ್ಟು ಜನ ಇದ್ದಾರೆ?

ಈಗ ನಿಮ್ಮ ಕಷ್ಟದ ಪ್ರಶ್ನೆ, ವಾಪಸ್ ಬರಬಹುದಾ ಅನ್ನುವುದು. ಇವರು ಪ್ರಯತ್ನಪಟ್ಟಿದ್ದಾರೆ. 2018ರಲ್ಲಿ 'ಮಾಸ್ಟರ್ಸ್ ಆಫ್ ದಿ ಸನ್' ಅಂತ ಆಲ್ಬಂ ತಂದರು. ಫರ್ಗಿ ಇಲ್ಲ, ಮತ್ತೆ ಮೂವರೇ. ಜಾಝ್, ಬೂಮ್-ಬ್ಯಾಪ್, ಬಂದೂಕು ಮತ್ತು ಜೈಲುಗಳ ಬಗ್ಗೆ ನೇರ ಮಾತು. ನಾಸ್ ಬಂದರು, ಸ್ಲಿಕ್ ರಿಕ್ ಬಂದರು, ಡಿ ಲಾ ಸೋಲ್‌ನ ಪೋಸ್ಡ್‌ನೂಸ್ ಬಂದರು, ತೀರಿಕೊಂಡಿದ್ದ ಫೈಫ್ ಡಾಗ್ ದನಿಯೂ ಇತ್ತು. ಕಸುಬಿನ ಲೆಕ್ಕದಲ್ಲಿ ಅದು ಒಳ್ಳೆ ಆಲ್ಬಂ. ಆದರೆ 2009ರ ಗದ್ದಲದ ಹತ್ತಿರಕ್ಕೂ ಹೋಗಲಿಲ್ಲ. ಮರುವರ್ಷವೇ ಜೆ ಬಾಲ್ವಿನ್ ಜೊತೆ 'ರಿತ್ಮೋ' ಅನ್ನುವ ಡ್ಯಾನ್ಸ್ ಹಾಡು ಮಾಡಿದರು, ಲ್ಯಾಟಿನ್ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಇದರಿಂದ ವಾಪಸ್ ಬರುವುದು ಅಸಾಧ್ಯ ಅಂತ ತೀರ್ಮಾನ ಮಾಡಬೇಡಿ. ಅದೇ ಹಳೇ ಶೈಲಿಯ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಗುಂಪು 1998ರ ನಂತರ ಆಲ್ಬಂ ಮಾಡಿರಲಿಲ್ಲ. 18 ವರ್ಷ ಬಿಟ್ಟು 2016ರಲ್ಲಿ ತಂದಾಗ ಅದು ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೆ ಬಂತು. ಅವರಿಗೆ ಕಾಯುತ್ತಿದ್ದ ಕೇಳುಗರಿದ್ದರು, ಅವರಿಗೆ ಬೇಕಾಗಿದ್ದೂ ಆ ದನಿಯೇ. ಬ್ಲ್ಯಾಕ್ ಐಡ್ ಪೀಸ್‌ಗೆ 2009ರಲ್ಲಿ ಸಿಕ್ಕ ಕೋಟಿಗಟ್ಟಲೆ ಕೇಳುಗರಲ್ಲಿ ಹೆಚ್ಚಿನವರು 1998ರ ಆಲ್ಬಂ ಕೇಳಿಯೇ ಇರಲಿಲ್ಲ. ಅವರ ಪಾಲಿಗೆ ಅದು ಮರಳಿ ಬಂದದ್ದೇ ಅಲ್ಲ, ಯಾರದೋ ಹೊಸ ಹಾಡು. ಹಳಬರೋ ಅಷ್ಟು ಹೊತ್ತಿಗೆ ಮುನಿಸಿಕೊಂಡು ಹೋಗಿದ್ದರು. ಸಂಗೀತಗಾರರು ತಮ್ಮ ಹಳೇ ದನಿಗೆ ವಾಪಸ್ ಬರಬಹುದು, ಕೈಗೆ ಅದು ಮರೆತಿರುವುದಿಲ್ಲ. ಕೇಳುಗರು ಅಲ್ಲೇ ನಿಂತಿರುತ್ತಾರೆ ಅಂತ ನಂಬುವುದೇ ತಪ್ಪು.

ಇನ್ನೊಂದು ಕಡೆಯನ್ನೂ ಹೇಳದಿದ್ದರೆ ನಿಮ್ಮ ಗೆಳೆಯನ ಪಕ್ಷ ವಹಿಸಿದ ಹಾಗಾಗುತ್ತದೆ. ಅದೇ ಲಾಸ್ ಏಂಜಲೀಸ್, ಅದೇ ಇಂಟರ್‌ಸ್ಕೋಪ್, ಅದೇ ಕಾಲ, ಜುರಾಸಿಕ್ 5 ಅಂತ ಗುಂಪು. ನಾಲ್ಕು ಜನ ಎಂಸಿಗಳು (ರ‍್ಯಾಪ್ ಮಾಡುವವರು) ಒಂದೇ ದನಿಯಲ್ಲಿ ಸೇರಿ ಹಾಡುತ್ತಿದ್ದರು, ಅದ್ಭುತ. ಹೆಚ್ಚು ಕಡಿಮೆ ಹಳೇ ಶೈಲಿಯನ್ನೇ ಹಿಡಿದುಕೊಂಡರು. ಅವರ ಡಿಜೆ ಕಟ್ ಕೆಮಿಸ್ಟ್ ಮೊದಲು ಹೊರಗೆ ಹೋದರು, 2006ರಲ್ಲಿ ಕೊನೆಯ ಆಲ್ಬಂ, 2007ರಲ್ಲಿ ಗುಂಪೇ ಒಡೆಯಿತು. ಮತ್ತೆ ವೇದಿಕೆಗೆ ಬಂದದ್ದು 2013ರಲ್ಲಿ. ಶೈಲಿ ಬದಲಿಸದಿದ್ದರೆ ಗೆಳೆತನ ಉಳಿಯುತ್ತದೆ ಅನ್ನುವ ಗ್ಯಾರಂಟಿ ಏನೂ ಇಲ್ಲ.

ನಿಮ್ಮ ಮುಂದಿರುವ ದಾರಿಗಳು ನನಗೆ ಕಾಣುವ ಹಾಗೆ ಹೇಳುತ್ತೇನೆ. ಪೂರ್ತಿ ಡ್ಯಾನ್ಸ್ ಕಡೆ ಹೋಗಬಹುದು. ದುಡ್ಡು ಬೇಗ ಬರುತ್ತದೆ, ಕಾರ್ಯಕ್ರಮ ಜಾಸ್ತಿ ಸಿಗುತ್ತವೆ. ಅಪಾಯ ಏನಂದ್ರೆ ಆ ಬಗೆಯ ಸದ್ದಿನ ಆಯುಸ್ಸು ಕಡಿಮೆ, ಎರಡು ಮೂರು ವರ್ಷಕ್ಕೆ ಜನ ಮುಂದಿನದಕ್ಕೆ ಹೋಗಿರುತ್ತಾರೆ. ಮತ್ತೆ, ಗುಂಪಿನಲ್ಲಿ ಯಾರು ಚೆನ್ನಾಗಿ ಬರೆಯುತ್ತಾರೋ ಅವರಿಗೇ ಮೊದಲು ಕೆಲಸ ಕಡಿಮೆಯಾಗುತ್ತದೆ. ನಿಮ್ಮಲ್ಲಿ ಜಗಳ ಆಡುತ್ತಿರುವವರು ಬರೆಯುವವರೇ ಇರಬೇಕು ಅಂತ ನನ್ನ ಊಹೆ. ಅವರ ಸಿಟ್ಟಿಗೆ ಹಿಪ್-ಹಾಪ್ ಮೇಲಿನ ಪ್ರೀತಿ ಒಂದೇ ಕಾರಣ ಇರಲಾರದು, ಗುಂಪಿನಲ್ಲಿ ನನ್ನ ಜಾಗ ಎಲ್ಲಿ ಅನ್ನುವ ಚಿಂತೆಯೂ ಇರಬಹುದು. ಅದನ್ನು ಕೂತು ಮಾತಾಡಿ.

ಕಂಪನಿಗೆ ಬೇಡ ಅನ್ನಬಹುದು. ಆಗ ಬೆಳೆಯುವುದು ನಿಧಾನ, ಮನೆ ನಡೆಸಲು ಬೇರೆ ಕೆಲಸ ಇಟ್ಟುಕೊಳ್ಳಲೇಬೇಕು. ಅವತ್ತು ಒಪ್ಪಿಕೊಂಡಿದ್ದರೆ ಅನ್ನುವ ಮಾತು ಕೆಲವು ವರ್ಷ ಬಿಟ್ಟು ಯಾರಾದರೂ ಒಬ್ಬರ ಬಾಯಲ್ಲಿ ಬಂದೇ ಬರುತ್ತದೆ.

ಡ್ಯಾನ್ಸ್ ಹಾಡುಗಳಿಗೆ ಬೇರೆ ಹೆಸರು ಇಟ್ಟುಕೊಂಡು ಎರಡನ್ನೂ ನಡೆಸುವವರಿದ್ದಾರೆ. ಕೇಳಲು ಜಾಣತನ ಅನಿಸುತ್ತದೆ. ಆದರೆ ಕಂಪನಿಗೆ ಬೇಕಾಗಿರುವುದು ಈಗಾಗಲೇ ಜನಕ್ಕೆ ಗೊತ್ತಾಗಿರುವ ಹೆಸರು, ಅದನ್ನು ಅವರು ಸುಲಭಕ್ಕೆ ಬಿಡುವುದಿಲ್ಲ. ಸಮಯವೂ ಎರಡು ಪಾಲಾಗುತ್ತದೆ.

ನನಗೆ ಹೆಚ್ಚು ಒಪ್ಪಿಗೆಯಾಗುವುದು 'ಎಲಿಫಂಕ್' ದಾರಿ, ಒಂದೇ ಹೆಸರಿನಲ್ಲಿ ಎರಡೂ. ಕುಣಿಸುವ ಹಾಡು ಮಾಡಿ, ಆದರೆ ವೇಗ 128ಕ್ಕೆ ಏರಿಸದೆ 100ರ ಆಚೀಚೆಯೇ ಕುಣಿಸಲು ನೋಡಿ, ಅಲ್ಲಿ ಮಾತಿಗೆ ಜಾಗ ಉಳಿಯುತ್ತದೆ. ಪ್ರತಿ ಹಾಡಿನಲ್ಲೂ ಕನಿಷ್ಠ ಒಂದು ವರ್ಸ್ ಪೂರ್ತಿ 16 ಸುತ್ತು ಇರಲಿ, ಅದನ್ನು ಕತ್ತರಿಸಿ ಎಂಟು ಮಾಡಿ ಅಂದರೆ ಒಪ್ಪಬೇಡಿ. ಡ್ಯಾನ್ಸ್ ಹಾಡು ಕೇಳಿ ಬಂದ ಹೊಸಬರಿಗೆ ತಡಮಾಡದೆ ನಿಮ್ಮ ನಿಧಾನದ ಹಾಡನ್ನೂ ಕೇಳಿಸಿ. ವರ್ಷಗಟ್ಟಲೆ ಬಿಟ್ಟು ಕೇಳಿಸಿದರೆ 2018ರಲ್ಲಿ ಆದದ್ದೇ ಆಗುತ್ತದೆ. ಇದರಲ್ಲೂ ಅಪಾಯ ಇಲ್ಲದಿಲ್ಲ. ಎರಡು ಬಗೆಯ ಕೇಳುಗರೂ ನಿಮ್ಮನ್ನು ಅರ್ಧಂಬರ್ಧ ಅನ್ನಬಹುದು, ಕಾರ್ಯಕ್ರಮದಲ್ಲಿ ನಿಧಾನದ ಹಾಡು ಶುರುವಾದ ತಕ್ಷಣ ಜನ ಫೋನ್ ತೆಗೆಯುವುದನ್ನು ನೋಡಿಕೊಂಡು ಹಾಡುವ ಗಟ್ಟಿತನ ಬೇಕು.

ಗಾಯಕಿ ವಿಷಯ. ಸೇರಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಒಳ್ಳೆ ದನಿ ಸಿಕ್ಕರೆ ನಿಮ್ಮ ಅದೃಷ್ಟ. ಆದರೆ ಕಂಪನಿಯವರು ಹುಡುಕಿ ಕಳಿಸಿದವರನ್ನು ತೆಗೆದುಕೊಂಡು ವಿಡಿಯೋದಲ್ಲಿ ನಿಲ್ಲಿಸಬೇಡಿ. ನೀವೇ ಆರಿಸಿ, ಬರೆಯುವಾಗ ಅವರನ್ನೂ ಕೂರಿಸಿಕೊಳ್ಳಿ, ಬರೆದದ್ದರ ಪಾಲು ಎಷ್ಟು ಅಂತ ಮೊದಲೇ ಕಾಗದದ ಮೇಲೆ ಹಾಕಿ. ಅವರ ಬಟ್ಟೆ, ಅವರ ರೂಪದ ಬಗ್ಗೆ ಹೊರಗಿನವರು ಮಾತು ತೆಗೆದರೆ ಉತ್ತರ ಕೊಡುವುದು ನಿಮ್ಮ ಮೂವರ ಜವಾಬ್ದಾರಿ ಕೂಡ. ಅವರೊಬ್ಬರ ತಲೆಗೆ ಕಟ್ಟಬೇಡಿ.

ಕೊನೆಗೆ ಒಪ್ಪಂದ. ಇದನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ, ಅದೂ ಕಂಪನಿಯವರು ಸೂಚಿಸಿದ ವಕೀಲರಿಗಲ್ಲ. ನಾನು ನೋಡಿದ ಜಗಳಗಳೆಲ್ಲಾ ಬಹುಪಾಲು ನಾಲ್ಕೇ ಜಾಗದಲ್ಲಿ ಹುಟ್ಟಿದವು. ಒಂದು, ನೀವು ಕೊಟ್ಟ ಹಾಡನ್ನು ಕಂಪನಿ ಯಾವ ಆಧಾರದ ಮೇಲೆ ಒಪ್ಪಬೇಕು ಅನ್ನುವುದು. ತಾಂತ್ರಿಕವಾಗಿ ಸರಿಯಿದ್ದರೆ ಸಾಕು ಅಂತ ಬರೆದಿದ್ದರೆ ನೀವು ಬದುಕಿದಿರಿ. ವ್ಯಾಪಾರಕ್ಕೆ ತಕ್ಕಂತಿರಬೇಕು ಅಂತ ಇದ್ದರೆ ನಿಮ್ಮ ಶೈಲಿಯ ಕೀಲಿ ಅವರ ಕೈಗೆ ಹೋದ ಹಾಗೆಯೇ. ಎರಡು, ಕೊಟ್ಟ ಹಾಡನ್ನು ಇಂತಿಷ್ಟು ತಿಂಗಳಲ್ಲಿ ಬಿಡುಗಡೆ ಮಾಡದಿದ್ದರೆ ಹಕ್ಕು ನಿಮಗೆ ಮರಳುತ್ತದಾ? 'ಗ್ರಾಸ್ ರೂಟ್ಸ್' ಕಥೆ ನೆನಪಿರಲಿ. ಮೂರು, ಮುಂದಿನ ಎಷ್ಟು ಆಲ್ಬಂಗಳ ಮೇಲೆ ಅವರಿಗೆ ಹಕ್ಕು, ಗುಂಪಿನ ಹೆಸರು ಯಾರದು.

ನಾಲ್ಕನೆಯದು ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ತುರ್ತು. ಹಳೇ ಹಾಡುಗಳಲ್ಲಿ ಜಾಝ್ ತುಣುಕು ಬಳಸಿದ್ದೀವಿ ಅಂತ ಬರೆದಿದ್ದೀರಿ, ಅನುಮತಿ ತೆಗೆದುಕೊಂಡ ಬಗ್ಗೆ ಏನೂ ಬರೆದಿಲ್ಲ. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಹಾಡಿನಲ್ಲಿರುವುದೆಲ್ಲಾ ನಮ್ಮದೇ, ತಕರಾರು ಬಂದರೆ ಖರ್ಚು ನಮ್ಮದು ಅಂತ ಕಲಾವಿದರಿಂದ ಬರೆಸಿಕೊಳ್ಳುತ್ತಾರೆ. ಡಿ ಲಾ ಸೋಲ್ ಅಂಥವರ ಮೊದಲ ಆಲ್ಬಂಗಳೇ ಸ್ಯಾಂಪಲ್ ಮತ್ತು ಹಕ್ಕುಗಳ ತಕರಾರಿನಿಂದ 2023ರ ಮಾರ್ಚ್‌ವರೆಗೆ ಸ್ಟ್ರೀಮಿಂಗ್‌ಗೆ ಬಂದಿರಲಿಲ್ಲ. ಈ ವಾರವೇ ಮೂವರೂ ಕೂತು ಯಾವ ಹಾಡಿನಲ್ಲಿ ಯಾವ ರೆಕಾರ್ಡಿನ ಎಷ್ಟು ಸೆಕೆಂಡು ಇದೆ ಅಂತ ಪಟ್ಟಿ ಮಾಡಿ. ಅನುಮತಿ ಸಿಗದ ತುಣುಕುಗಳನ್ನು ತೆಗೆದುಹಾಕಿ, ಆ ಜಾಗಕ್ಕೆ ನಿಮ್ಮದೇ ಹೊಸ ರಾಗ ಕಟ್ಟಿ ನುಡಿಸಿ. ಅದು ಆಗುವವರೆಗೆ ಹಳೇ ಹಾಡುಗಳನ್ನು ಒಪ್ಪಂದದಿಂದ ಹೊರಗೇ ಇಡಿ.